ಮಾರ್ಚ್ ಅಲ್ಲ, ನವೆಂಬರ್: ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡುವ ಬಗೆ, ಮಡಿಲಲ್ಲೊಂದು ಪುಸ್ತಕ ಇಟ್ಟುಕೊಂಡು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿಗೆ ಹೊಸಬರು ಕಾಲಿಡುವುದು ಬಹುಮಟ್ಟಿಗೆ ಮಾರ್ಚ್ ತಿಂಗಳಲ್ಲಿ. ಕಚೇರಿಯಲ್ಲಿ ಯಾರೋ ಒಂದು ಹಾಳೆ ಕೈಗಿತ್ತು ಬ್ರ್ಯಾಕೆಟ್ ತುಂಬಿ ಎನ್ನುತ್ತಾರೆ, ಅಂದರೆ ಮಾರ್ಚ್ ಟೂರ್ನಿಯ ಪ್ರತಿ ಪಂದ್ಯದಲ್ಲಿ ಗೆಲ್ಲುವವರು ಯಾರೆಂದು ಊಹಿಸಿ ಬರೆಯುವ ಪಟ್ಟಿ. ಹೆಸರೇ ಕೇಳದ ಕಾಲೇಜುಗಳನ್ನು ನಾವು ಗೆಲ್ಲಿಸುತ್ತ, ಸೋಲಿಸುತ್ತ ಹೋಗುತ್ತೇವೆ. ಎರಡೇ ದಿನಕ್ಕೆ ಹಾಳೆ ಕಸದ ಬುಟ್ಟಿ ಸೇರುತ್ತದೆ. ಉತ್ತರ ಕೆರೊಲಿನಾದ ಕ್ಯಾರಿ ಊರಿನಲ್ಲಿದ್ದಾಗ ಮೊದಲ ಮೂರು ವರ್ಷ ನಾನು ಮಾಡಿದ್ದೂ ಇದನ್ನೇ. ಮದುವೆಮನೆಗೆ ಊಟದ ಹೊತ್ತಿಗೆ ಹೋಗಿ, ಗಂಡು ಯಾರು ಹೆಣ್ಣು ಯಾರು ಎಂದು ತಿಳಿಯದೆ ಎಲೆ ಮುಂದೆ ಕುಳಿತಂತೆ. ಊಟವೇನೋ ಚೆನ್ನಾಗಿಯೇ ಇರುತ್ತದೆ, ಆದರೆ ಮದುವೆ ನಮ್ಮದಾಗುವುದಿಲ್ಲ.

ಈಗ ಮೈಸೂರಿಗೆ ಮರಳಿದ್ದೇನೆ. ಬೆಳಗಿನ ಕಾಫಿಯ ಹೊತ್ತಿಗೆ ಆಟ ನೋಡುತ್ತೇನೆ, ಆಟ ನಿಂತಾಗಲೆಲ್ಲ ಪುಸ್ತಕ ಓದುತ್ತೇನೆ. ಇವೆರಡೂ ಒಂದನ್ನೊಂದು ಕೆಡಿಸುತ್ತವೆ ಎಂದುಕೊಂಡಿದ್ದೆ. ಹಾಗಿಲ್ಲ, ಕ್ರಮ ಗೊತ್ತಿರಬೇಕು ಅಷ್ಟೆ. ಅಲ್ಲಿಗೆ ಓದಲು ಹೋಗುವ ಮಕ್ಕಳಿಗೆ, ಅಲ್ಲೇ ನೆಲೆಸಿದವರಿಗೆ, ಇಲ್ಲಿ ಕುಳಿತು ಕುತೂಹಲಪಡುವವರಿಗೆ ಆ ಕ್ರಮವನ್ನು ಬರೆಯುತ್ತಿದ್ದೇನೆ.

ಮೊದಲು ಗಡಿಯಾರ

ಋತು ನವೆಂಬರ್ ಮೊದಲ ವಾರದಲ್ಲಿ ಶುರುವಾಗಿ ಏಪ್ರಿಲ್ ಮೊದಲ ವಾರದ ಹೊತ್ತಿಗೆ ಮುಗಿಯುತ್ತದೆ. ನವೆಂಬರಿನಿಂದ ಮಾರ್ಚ್ ಎರಡನೆಯ ಭಾನುವಾರದವರೆಗೆ ಅಮೆರಿಕದ ಪೂರ್ವ ಕರಾವಳಿಗಿಂತ ನಾವು ಹತ್ತೂವರೆ ಗಂಟೆ ಮುಂದೆ. ಅಲ್ಲಿಯ ಸಂಜೆ 7ರ ಆಟ ಇಲ್ಲಿ ಬೆಳಿಗ್ಗೆ 5.30ಕ್ಕೆ, ರಾತ್ರಿ 9ರ ಆಟ ಇಲ್ಲಿ 7.30ಕ್ಕೆ. ಆ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಂತರ ಒಂಬತ್ತೂವರೆ ಗಂಟೆಗೆ ಇಳಿಯುತ್ತದೆ. ಇದನ್ನು ಮರೆತು ಒಂದು ವರ್ಷ ಆಟದ ಮೊದಲರ್ಧವನ್ನೇ ಕಳೆದುಕೊಂಡೆ. ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿಗೆ ಗುರುತು ಹಾಕುವಾಗ ಇದಕ್ಕೂ ಒಂದು ಗುರುತು ಹಾಕಿಬಿಡಿ.

ಶನಿವಾರದ ಮಧ್ಯಾಹ್ನದ ಆಟಗಳು ನಮಗೆ ರಾತ್ರಿ ಹತ್ತೂವರೆಯಿಂದ ಸಿಗುತ್ತವೆ. ನಿದ್ದೆಗೆಡುವ ಅಭ್ಯಾಸವಿದ್ದವರು ಅವನ್ನು ನೋಡಬಹುದು. ನನಗೆ ಬೆಳಗಿನ ಆಟವೇ ಇಷ್ಟ. ಯಾವ ವಾಹಿನಿ, ಯಾವ ಆ್ಯಪ್ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಕ್ಟೋಬರ್ ಕೊನೆಯಲ್ಲಿ ವಿಚಾರಿಸಿಕೊಳ್ಳಿ. ಇಡೀ ವರ್ಷದ ಚಂದಾ ಒಮ್ಮೆಲೇ ಕಟ್ಟಬೇಡಿ, ತಿಂಗಳ ಲೆಕ್ಕ ಸಾಕು.

ತಂಡವೊಂದನ್ನು ಆರಿಸಿಕೊಳ್ಳಿ, ಆಟಗಾರನನ್ನಲ್ಲ

ಮೊದಲ ದರ್ಜೆಯಲ್ಲಿ 360ಕ್ಕೂ ಹೆಚ್ಚು ಕಾಲೇಜುಗಳ ಪುರುಷರ ತಂಡಗಳಿವೆ, ಹೆಚ್ಚುಕಡಿಮೆ ಅಷ್ಟೇ ಮಹಿಳಾ ತಂಡಗಳೂ ಇವೆ. ಅಷ್ಟನ್ನೂ ನೋಡಲಾಗದು. ಒಂದನ್ನು ಹಿಡಿದುಕೊಳ್ಳಿ.

ಆಟಗಾರನನ್ನು ನೆಚ್ಚಿ ತಂಡ ಆರಿಸಿಕೊಂಡರೆ ಮುಂದಿನ ವರ್ಷಕ್ಕೆ ನೀವು ಅನಾಥರು. ಒಳ್ಳೆಯ ಹುಡುಗರು ಒಂದೇ ವರ್ಷ ಆಡಿ ವೃತ್ತಿಪರ ಲೀಗಿಗೆ ಹೊರಟುಬಿಡುತ್ತಾರೆ. ಉಳಿದವರಲ್ಲಿ ಹಲವರು ಬೇರೆ ಕಾಲೇಜಿಗೆ ವರ್ಗವಾಗುತ್ತಾರೆ. 2018ರಲ್ಲಿ ಬಂದ ವರ್ಗಾವಣೆ ಪೋರ್ಟಲ್ ಅದಕ್ಕೆ ದಾರಿಯನ್ನು ಸಲೀಸು ಮಾಡಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಮುಖ ಬಳಸಿಕೊಂಡು ಜಾಹೀರಾತಿನ ಹಣ ಪಡೆಯಬಹುದು, 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಇದರಿಂದ ಆಟ ಕೆಟ್ಟಿತು ಎಂದು ಹಳಬರು ಗೊಣಗುತ್ತಾರೆ. ಕೋಚ್‌ಗಳು ಕೋಟಿಗಟ್ಟಲೆ ಸಂಬಳ ಎಣಿಸುತ್ತಿದ್ದಾಗ ಆಡುವ ಹುಡುಗರ ಕೈ ಬರಿದಾಗಿದ್ದಾಗ ಇದೇ ಜನ ಗೊಣಗಿದ್ದು ನನಗೆ ಕೇಳಿಸಿರಲಿಲ್ಲ. ಅದೇನೇ ಇರಲಿ, ಆಟಗಾರರು ಬಂದು ಹೋಗುತ್ತಾರೆ, ಅಂಗಿಯ ಮೇಲಿನ ಹೆಸರು ಉಳಿಯುತ್ತದೆ. ಆ ಹೆಸರನ್ನು ಆರಿಸಿಕೊಳ್ಳಿ.

ನಿಮ್ಮ ಮಗಳೋ ಅಳಿಯನೋ ಓದಿದ ಕಾಲೇಜಿದ್ದರೆ ಮುಂದೆ ಯೋಚಿಸುವುದೇ ಬೇಡ. ಅಂಥ ನಂಟು ಇಲ್ಲದವರು ಇತಿಹಾಸ ನೋಡಿ ಆರಿಸಬಹುದು. ಪುರಾಣದ ಮೂಲಕ್ಕೇ ಹೋಗಬೇಕೆನಿಸಿದರೆ ಕ್ಯಾನ್ಸಸ್. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮ ಬರೆದು ಈ ಆಟವನ್ನು ಹುಟ್ಟಿಸಿದ ಜೇಮ್ಸ್ ನೈಸ್ಮಿತ್ 1898ರಲ್ಲಿ ಇಲ್ಲಿಗೆ ಬಂದು ಕೋಚ್ ಆದರು. ಕ್ಯಾನ್ಸಸ್‌ನ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವವರು ಅವರೊಬ್ಬರೇ. ಈ ಒಂದು ಸಂಗತಿಗಾಗಿಯೇ ಆ ತಂಡವನ್ನು ಪ್ರೀತಿಸಬಹುದು. ಗೆದ್ದವರ ಕಡೆ ಇರಬೇಕೆನ್ನುವವರಿಗೆ ಕನೆಕ್ಟಿಕಟ್ ಇದೆ. 2023 ಮತ್ತು 2024ರಲ್ಲಿ ಪುರುಷರ ಪಟ್ಟ ಅವರದು. ಅವರ ಮಹಿಳಾ ತಂಡ 2025ರಲ್ಲಿ 12ನೆಯ ಪಟ್ಟ ಗೆದ್ದಿತು, ಅದಕ್ಕೂ ಮುಂಚೆ 2014ರಿಂದ 2017ರವರೆಗೆ ಸತತ 111 ಪಂದ್ಯ ಸೋಲದೆ ಆಡಿತ್ತು. ಲಾಸ್ ಏಂಜಲಿಸ್‌ನ ಯುಸಿಎಲ್‌ಎ 1964ರಿಂದ 1975ರೊಳಗೆ 12 ವರ್ಷದಲ್ಲಿ 10 ಪಟ್ಟ ಗೆದ್ದಿತು. ಅವರ ಕೋಚ್ ಜಾನ್ ವುಡನ್ ಮೂಲತಃ ಇಂಗ್ಲಿಷ್ ಮೇಷ್ಟ್ರು. ಋತುವಿನ ಮೊದಲ ದಿನ ಆಟಗಾರರಿಗೆ ಕಾಲುಚೀಲ ಹಾಕಿಕೊಳ್ಳುವುದನ್ನು ಹೇಳಿಕೊಡುತ್ತಿದ್ದರು, ಸುಕ್ಕು ಬಿದ್ದರೆ ಬೊಬ್ಬೆ, ಬೊಬ್ಬೆ ಎದ್ದರೆ ಆಟವಿಲ್ಲ ಎಂದು.

ಕನ್ನಡದ ನಂಟೇ ಬೇಕೆಂದರೆ ಮಹಿಳಾ ಆಟದಲ್ಲಿ ಒಂದು ಇದೆ. ಬೆಂಗಳೂರಿನ ಸಂಜನಾ ರಮೇಶ್ ವಿದ್ಯಾರ್ಥಿವೇತನ ಪಡೆದು ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದ್ದರು. ಅದೂ ಮೊದಲ ದರ್ಜೆಯ ತಂಡವೇ.

ನಾನು ಹಿಡಿದದ್ದು ನಾರ್ತ್ ಕೆರೊಲಿನಾ ಸ್ಟೇಟ್. ರಾಲೆ, ಡರಂ, ಚಾಪೆಲ್ ಹಿಲ್ ಎಂಬ ಮೂರು ಅಕ್ಕಪಕ್ಕದ ಊರುಗಳಲ್ಲಿ ಮೂರು ದೊಡ್ಡ ವಿಶ್ವವಿದ್ಯಾಲಯಗಳಿವೆ. ಡರಂನ ಡ್ಯೂಕ್ ಮತ್ತು ಚಾಪೆಲ್ ಹಿಲ್‌ನ ನಾರ್ತ್ ಕೆರೊಲಿನಾ ನಡುವೆ ಹತ್ತು ಮೈಲಿಯಷ್ಟೇ ದೂರ, ಹಗೆತನ ಮಾತ್ರ ಜಗತ್ಪ್ರಸಿದ್ಧ. ಡ್ಯೂಕ್‌ನ ಹಳೆಯ ಕ್ಯಾಮರಾನ್ ಒಳಾಂಗಣದಲ್ಲಿ 9,314 ಆಸನ. ಆ ಒಂದು ಪಂದ್ಯಕ್ಕಾಗಿ ವಿದ್ಯಾರ್ಥಿಗಳು ವಾರಗಟ್ಟಲೆ ಹೊರಗೆ ಡೇರೆ ಹಾಕಿ ಮಲಗುತ್ತಾರೆ. ಈ ಇಬ್ಬರು ಸಿರಿವಂತ ದಾಯಾದಿಗಳ ನಡುವೆ ಇರುವ ಮೂರನೆಯವನು ರಾಲೆಯ ಸ್ಟೇಟ್. ಎಂಜಿನಿಯರಿಂಗಿಗೆ, ಬೇಸಾಯ ವಿಜ್ಞಾನಕ್ಕೆ ಹೆಸರಾದ ಕಾಲೇಜು. ಬಾಡಿಗೆ ಮನೆಯ ಮಾಲೀಕರು ಅದರ ಹಳೆಯ ವಿದ್ಯಾರ್ಥಿ. ಸೋತ ಮರುದಿನವೂ ಕೆಂಪು ಅಂಗಿ ತೊಟ್ಟು ಹುಲ್ಲು ಕತ್ತರಿಸುತ್ತಿದ್ದರು. ಗೆಲುವಿನ ದಿನ ಅಂಗಿ ತೊಡುವವರು ಎಲ್ಲ ಕಡೆ ಇದ್ದಾರೆ. ಈ ಮಾಲೀಕರನ್ನು ನೋಡಿ ನನಗೆ ತಂಡ ಸಿಕ್ಕಿತು.

ನಿಯಮಗಳಲ್ಲಿ ನಾಲ್ಕು ಸಾಕು, ಒಂದನ್ನು ಚೆನ್ನಾಗಿ ತಿಳಿಯಿರಿ

ಪುರುಷರ ಆಟ 20 ನಿಮಿಷದ ಎರಡು ಅವಧಿ, ಮಹಿಳೆಯರದು 10 ನಿಮಿಷದ ನಾಲ್ಕು. ಚೆಂಡು ಸಿಕ್ಕ ಮೇಲೆ 30 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಐದು ಫೌಲ್ ಆದ ಆಟಗಾರ ಹೊರಗೆ, ವೃತ್ತಿಪರ ಎನ್‌ಬಿಎಯಲ್ಲಿ ಆರು. ಇಬ್ಬರು ಚೆಂಡನ್ನು ಒಟ್ಟಿಗೇ ಹಿಡಿದು ಎಳೆದಾಡಿದರೆ ಎನ್‌ಬಿಎಯಲ್ಲಿ ಮತ್ತೆ ಚೆಂಡು ಹಾರಿಸುತ್ತಾರೆ. ಇಲ್ಲಿ ಮೇಜಿನ ಮೇಲೊಂದು ಬಾಣದ ಗುರುತು ಇರುತ್ತದೆ, ಅದು ಯಾರ ಕಡೆಗಿದೆಯೋ ಅವರಿಗೆ ಚೆಂಡು, ಆಮೇಲೆ ಬಾಣ ಆಚೆ ಕಡೆಗೆ ತಿರುಗುತ್ತದೆ. ಅಣ್ಣ ತಮ್ಮಂದಿರಿಗೆ ಕಿಟಕಿ ಪಕ್ಕದ ಸೀಟು ಹಂಚುವ ತಾಯಿಯ ನ್ಯಾಯ.

ಇಷ್ಟು ತಿಳಿದರೆ ಆಟ ಅರ್ಥವಾಗುತ್ತದೆ. ಆದರೆ ಹೊಸಬರು ಬೇಸತ್ತು ಎದ್ದುಹೋಗುವುದು ಕೊನೆಯ ಎರಡು ನಿಮಿಷದಲ್ಲಿ. ಗಡಿಯಾರದ ಎರಡು ನಿಮಿಷ ಮನೆಯ ಗಡಿಯಾರದಲ್ಲಿ ಹದಿನೈದಾಗುತ್ತದೆ. ಹಿಂದಿರುವ ತಂಡ ಬೇಕೆಂದೇ ಎದುರಾಳಿಯನ್ನು ಹಿಡಿದು ಫೌಲ್ ಮಾಡುತ್ತದೆ, ಸೀಟಿ ಊದುತ್ತದೆ, ಆಟ ನಿಲ್ಲುತ್ತದೆ. ಮತ್ತೆ ಶುರು, ಮತ್ತೆ ಹಿಡಿತ, ಮತ್ತೆ ಸೀಟಿ. ಇದು ಹೇಡಿತನವಲ್ಲ, ಲೆಕ್ಕಾಚಾರ. ಫೌಲ್ ಆದರೆ ಗಡಿಯಾರ ನಿಲ್ಲುತ್ತದೆ. ಪುರುಷರ ಆಟದಲ್ಲಿ ಒಂದು ಅವಧಿಯಲ್ಲಿ ತಂಡದ ಏಳನೆಯ ಫೌಲಿನಿಂದ ಒಂಬತ್ತನೆಯದರವರೆಗೆ ಎದುರಾಳಿಗೆ ಸಿಗುವುದು 'ಒನ್ ಆ್ಯಂಡ್ ಒನ್'. ಅಂದರೆ ಮೊದಲ ಫ್ರೀ ಥ್ರೋ (ಯಾರೂ ಅಡ್ಡಬರದ ಎಸೆತ) ಬಿದ್ದರೆ ಮಾತ್ರ ಎರಡನೆಯದು. ಮೊದಲನೆಯದೇ ತಪ್ಪಿದರೆ ಎರಡನೆಯ ಅವಕಾಶ ಇಲ್ಲ, ಚೆಂಡು ಯಾರ ಕೈಗೆ ಸಿಕ್ಕರೆ ಅವರದು. ಹತ್ತನೆಯ ಫೌಲಿನಿಂದ ಎರಡು ಎಸೆತ ಖಾತ್ರಿ. ಹಾಗಾಗಿ ಪರದೆಯ ಮೂಲೆಯಲ್ಲಿ ಅಂಕಗಳ ಜೊತೆ ಫೌಲುಗಳ ಎಣಿಕೆಯನ್ನೂ ನೋಡುತ್ತಿರಿ. ಎಣಿಕೆ ಏಳರಿಂದ ಒಂಬತ್ತರವರೆಗೆ ಇದ್ದರೆ, ಹದಿನೆಂಟು ವಯಸ್ಸಿನ ಹುಡುಗನೊಬ್ಬ ಹದಿನೈದು ಅಡಿ ದೂರದ ಗೆರೆಯ ಮೇಲೆ ಒಂಟಿಯಾಗಿ ನಿಂತಿದ್ದಾನೆಂದರೆ, ಪುಸ್ತಕ ಮುಚ್ಚಿಡಿ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. 2024ರ ಮಾರ್ಚ್ 16, ಶನಿವಾರ ಬೆಳಿಗ್ಗೆ. ವಾಷಿಂಗ್‌ಟನ್‌ನಲ್ಲಿ ಇನ್ನೂ ಶುಕ್ರವಾರ ರಾತ್ರಿ, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಎಂಬ ಕಾಲೇಜುಗಳ ಗುಂಪಿನ ಟೂರ್ನಿಯ ಸೆಮಿಫೈನಲ್. ನಮ್ಮ ಸ್ಟೇಟ್ ಆ ವರ್ಷ ಹತ್ತನೆಯ ಶ್ರೇಯಾಂಕದ ತಂಡ, ಲೀಗಿನ ಕೊನೆಯ ನಾಲ್ಕು ಪಂದ್ಯ ಸತತ ಸೋತು ಬಂದಿತ್ತು. ಮೂರು ದಿನದಲ್ಲಿ ಮೂರು ಪಂದ್ಯ ಹೇಗೋ ಗೆದ್ದು ನಾಲ್ಕನೆಯ ದಿನ ವರ್ಜೀನಿಯಾ ಎದುರು ನಿಂತಿತ್ತು. ಐದಾರು ಸೆಕೆಂಡ್ ಉಳಿದಿದ್ದಾಗ ವರ್ಜೀನಿಯಾ ಮೂರು ಅಂಕ ಮುಂದೆ, ಫ್ರೀ ಥ್ರೋ ಕೂಡ ಅವರದೇ, ಅದೂ ಒನ್ ಆ್ಯಂಡ್ ಒನ್. ಬಿದ್ದರೆ ಕತೆ ಮುಗಿಯಿತು. ನಾನು ಆಗಲೇ ಪುಸ್ತಕ ತೆರೆದಿದ್ದೆ, ಆರುನೂರು ಪುಟದ ಕಾದಂಬರಿಯ 412ನೆಯ ಪುಟ. ಎಸೆತ ತಪ್ಪಿತು. ಚೆಂಡು ಹಿಡಿದ ಸ್ಟೇಟ್‌ನ ಮೈಕೆಲ್ ಓಕಾನೆಲ್ ಓಡಿಬಂದು ಮೂರಂಕದ ಗೆರೆಯಾಚೆಯಿಂದ ಎಸೆದ. ಸೈರನ್ ಕೂಗಿತು, ಚೆಂಡು ಹಲಗೆಗೆ ಬಡಿದು ಒಳಗೆ ಬಿತ್ತು. 58-58. ಹೆಚ್ಚುವರಿ ಐದು ನಿಮಿಷದಲ್ಲಿ 73-65ಕ್ಕೆ ಸ್ಟೇಟ್ ಗೆದ್ದಿತು. ಮರುದಿನ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾವನ್ನು 84-76ರಿಂದ ಸೋಲಿಸಿ, 1987ರ ನಂತರ ಮೊದಲ ಬಾರಿಗೆ ಕಾನ್ಫರೆನ್ಸ್ ಪಟ್ಟ ಏರಿತು, ಐದು ದಿನದಲ್ಲಿ ಐದು ಗೆಲುವು. ಆ 412ನೆಯ ಪುಟದ ಮೇಲೆ ಇವತ್ತಿಗೂ ಕಾಫಿಯ ಕಲೆ ಇದೆ. ಕಾದಂಬರಿಯಲ್ಲಿ ಆ ಪುಟದಲ್ಲಿ ಏನಾಯಿತೆಂದು ಕೇಳಬೇಡಿ.

ಟೈಮ್‌ಔಟ್‌ನಲ್ಲಿ ಓದುವ ಕ್ರಮ

40 ನಿಮಿಷದ ಆಟಕ್ಕೆ ಎರಡು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಆ ಹೆಚ್ಚುವರಿ ಕಾಲದಲ್ಲಿ ಬಹುಪಾಲು ಜಾಹೀರಾತಿನದು. ಟಿವಿಯವರಿಗಾಗಿಯೇ ಆಟ ನಿಲ್ಲಿಸುವ ನಿಯಮವಿದೆ. ಪುರುಷರ ಪಂದ್ಯದ ಪ್ರತಿ ಅವಧಿಯಲ್ಲೂ ಗಡಿಯಾರ 16, 12, 8, 4 ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಚೆಂಡು ಮೊದಲ ಬಾರಿ ನಿಂತಾಗ ವಿರಾಮ. ಒಟ್ಟು ಎಂಟಾಯಿತು. ಮಹಿಳೆಯರ ಪಂದ್ಯದಲ್ಲಿ ಪ್ರತಿ ಕಾಲು ಭಾಗದ ಐದು ನಿಮಿಷದ ಆಸುಪಾಸಿನಲ್ಲಿ ಒಂದು. ಇದರ ಮೇಲೆ ಕೋಚ್‌ಗಳು ಕೇಳುವ ಟೈಮ್‌ಔಟ್‌ಗಳು, ನಡುವೆ 15 ನಿಮಿಷದ ಅರ್ಧವಿರಾಮ. ಪಿಜ್ಜಾ, ವಿಮೆ, ಪಿಕಪ್ ಲಾರಿಗಳ ಅದದೇ ಜಾಹೀರಾತನ್ನು ನೂರು ಸಲ ನೋಡುವ ಬದಲು ಆ ಹೊತ್ತನ್ನು ನಿಮ್ಮದಾಗಿ ಮಾಡಿಕೊಳ್ಳಿ.

ಎರಡು ಪುಸ್ತಕ ಬೇಕು. ಟೈಮ್‌ಔಟ್‌ಗೆ ಸಣ್ಣದು, ಅರ್ಧವಿರಾಮಕ್ಕೆ ದೊಡ್ಡದು. ಟಿವಿ ವಿರಾಮ ಎರಡು ನಿಮಿಷಕ್ಕೆ ತುಸು ಹೆಚ್ಚು. ಅಷ್ಟರಲ್ಲಿ ಕತೆ ಓದಲಾಗದು, ಓದಿದರೆ ಪಾತ್ರದ ಬಾಯಿಯ ಮಾತು ಅರ್ಧದಲ್ಲಿ ನಿಂತು ಮನಸ್ಸು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಆದರೆ ಒಂದು ವಚನಕ್ಕೆ ಎರಡು ನಿಮಿಷ ಹೇಳಿ ಮಾಡಿಸಿದ ಅಳತೆ. ಒಂದು ಸಲ ಓದಿ, ಮತ್ತೊಂದು ಸಲ ತುಟಿಯಲ್ಲಾಡಿಸಿ ಓದಿ, ಪುಸ್ತಕ ಮಗುಚಿ ಇಡುವಷ್ಟರಲ್ಲಿ ಆಟ ಶುರು. ತ್ರಿಪದಿಯಾದರೆ ಮೂರು ಹಿಡಿಸುತ್ತವೆ. ಒಂದು ಪಂದ್ಯಕ್ಕೆ ಎಂಟು ವಚನವೆಂದರೆ ವಾರಕ್ಕೆ ಎರಡು ಪಂದ್ಯಕ್ಕೆ ಹದಿನಾರು. ನವೆಂಬರಿನಿಂದ ಮಾರ್ಚಿನೊಳಗೆ ಒಂದು ಸಂಪುಟ ಮುಗಿಯುತ್ತದೆ. ನಾನು ಹೀಗೆಯೇ ವಚನ ಸಂಪುಟವೊಂದನ್ನು ಮೊದಲ ಬಾರಿಗೆ ಕೊನೆಯ ಪುಟದವರೆಗೆ ಓದಿದ್ದು. ಕಪಾಟಿನಲ್ಲಿ ಅದು ಹದಿನೈದು ವರ್ಷದಿಂದ ಇತ್ತು.

ಅರ್ಧವಿರಾಮಕ್ಕೆ ಕಾದಂಬರಿ. ಹದಿನೈದು ನಿಮಿಷಕ್ಕೆ ಎಂಟು ಹತ್ತು ಪುಟ. ಪತ್ತೇದಾರಿ ಕಾದಂಬರಿ ಮಾತ್ರ ಬೇಡ. ಎರಡು ಕಡೆ ಕುತೂಹಲ ಜಗ್ಗಾಡಿದರೆ ಎರಡೂ ಹಾಳು. ನಿಧಾನಗತಿಯ ಹಳ್ಳಿಯ ಕತೆ ಒಳ್ಳೆಯದು, ಎಷ್ಟು ಸಲ ನಿಲ್ಲಿಸಿದರೂ ಎಮ್ಮೆ ಅಲ್ಲೇ ಕಟ್ಟಿರುತ್ತದೆ. ಮೊಬೈಲಿನಲ್ಲಿ ಓದುವ ಅಭ್ಯಾಸವಿದ್ದವರು ಅದನ್ನು ಈ ಹೊತ್ತಿಗೆ ಬಿಡಿ. ಒಂದು ಸಂದೇಶ ಬಂದರೆ ಆಟವೂ ಹೋಯಿತು, ಓದೂ ಹೋಯಿತು, ಜೊತೆಗೆ ಬೇರೆ ಪಂದ್ಯದ ಫಲಿತಾಂಶ ಕಣ್ಣಿಗೆ ಬಿದ್ದು ನಾಳೆಯ ಖುಷಿಯೂ ಹೋಯಿತು.

ಕೊನೆಯ ನಾಲ್ಕು ನಿಮಿಷದ ವಿರಾಮದ ನಂತರ ಓದಬೇಡಿ. 412ನೆಯ ಪುಟದ ಪಾಠ ಅದು.

ಜನವರಿ, ಫೆಬ್ರವರಿ: ಒಂದೇ ಓಣಿಯವರ ಜಗಳ

ನವೆಂಬರ್ ಡಿಸೆಂಬರಿನಲ್ಲಿ ದೊಡ್ಡ ತಂಡಗಳು ಸಣ್ಣ ತಂಡಗಳನ್ನು ಮನೆಗೆ ಕರೆಸಿ ಚಚ್ಚುತ್ತವೆ. ತಂಡದ ಹೊಸ ಮುಖಗಳ ಪರಿಚಯಕ್ಕೆ ಅಂಥ ಎರಡು ಮೂರು ಪಂದ್ಯ ಸಾಕು. ಜನವರಿಯಿಂದ ಕಾನ್ಫರೆನ್ಸಿನೊಳಗಿನ ಆಟ, ಅಲ್ಲಿಂದ ರುಚಿ. ನಿಮ್ಮ ತಂಡದ ಪಂದ್ಯಗಳಲ್ಲಿ ವಾರಕ್ಕೆ ಒಂದನ್ನು ಪೂರ್ತಿ ನೋಡಿ, ಇನ್ನೊಂದರ ಅಂಕಪಟ್ಟಿ ಓದಿ. ಅಂಕಪಟ್ಟಿಯಲ್ಲಿ ಯಾರು ಎಷ್ಟು ಅಂಕ ಗಳಿಸಿದರು ಎನ್ನುವುದನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ರೀಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), ಕೈತಪ್ಪಿದ ಚೆಂಡು, ಫ್ರೀ ಥ್ರೋ. ಈ ಮೂರರಲ್ಲಿ ಎರಡರಲ್ಲಿ ಮುಂದಿದ್ದ ತಂಡ ಸೋತಿದ್ದರೆ ಮೂರಂಕದ ಎಸೆತ ಅವತ್ತು ಕೈಕೊಟ್ಟಿದೆ ಎಂದೇ ಲೆಕ್ಕ.

ಕಾನ್ಫರೆನ್ಸ್‌ಗಳ ಹೆಸರು ನಂಬಬೇಡಿ. 2024ರಿಂದ 'ಬಿಗ್ ಟೆನ್'ನಲ್ಲಿ 18 ತಂಡ, 'ಬಿಗ್ 12'ರಲ್ಲಿ 16. ಅಟ್ಲಾಂಟಿಕ್ ಕರಾವಳಿಯ ಹೆಸರಿನ ಕಾನ್ಫರೆನ್ಸಿನಲ್ಲಿ ಪೆಸಿಫಿಕ್ ಕರಾವಳಿಯ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ಇವೆ. ಟಿವಿ ಹಣದ ಮುಂದೆ ಭೂಗೋಳ ಸೋತಿತು.

ಮಾರ್ಚ್ ಟೂರ್ನಿಗೆ ಯಾರನ್ನು ಆರಿಸಬೇಕೆಂದು ನೋಡುವ ಸಮಿತಿ ಗೆಲುವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಮನೆಯಂಗಳದಲ್ಲಿ ಎಲ್ಲ ತಂಡಗಳ ರ್ಯಾಂಕಿಂಗ್ ಪಟ್ಟಿಯ ಮೊದಲ 30ರ ಒಳಗಿನ ತಂಡವನ್ನು ಸೋಲಿಸಿದರೆ ಅದು ಮೊದಲ ಬಗೆಯ ಗೆಲುವು. ತಟಸ್ಥ ಅಂಗಳದಲ್ಲಿ ಮೊದಲ 50, ಎದುರಾಳಿಯ ಅಂಗಳದಲ್ಲಿ ಮೊದಲ 75. ಪರಸ್ಥಳದ ಗೆಲುವಿಗೆ ಇಷ್ಟು ತೂಕ ಯಾಕೆಂದು ತಿಳಿಯಬೇಕಾದರೆ ಕ್ಯಾನ್ಸಸ್‌ನ ಆ್ಯಲನ್ ಫೀಲ್ಡ್‌ಹೌಸ್‌ನಲ್ಲಿ ಪಂದ್ಯದ ಮುಂಚೆ ಹದಿನೈದು ಸಾವಿರಕ್ಕೂ ಹೆಚ್ಚು ಜನ ಶಂಖನಾದದ ಹಾಗೆ ಎಳೆದೆಳೆದು ಹಾಡುವ 'ರಾಕ್ ಚಾಕ್ ಜೇಹಾಕ್' ಘೋಷವನ್ನು ಒಮ್ಮೆ ಕೇಳಿ.

ಈಗ ಬ್ರ್ಯಾಕೆಟ್

ಮಾರ್ಚ್ ಮಧ್ಯದ ಒಂದು ಭಾನುವಾರ ಸಂಜೆ ಪಟ್ಟಿ ಹೊರಬರುತ್ತದೆ. 1939ರಲ್ಲಿ 8 ತಂಡಗಳಿಂದ ಶುರುವಾದ ಟೂರ್ನಿ 1985ರಲ್ಲಿ 64ಕ್ಕೆ, 2011ರಲ್ಲಿ 68ಕ್ಕೆ ಬೆಳೆಯಿತು. 2025ರಲ್ಲಿ 31 ತಂಡಗಳು ತಮ್ಮ ಕಾನ್ಫರೆನ್ಸ್ ಗೆದ್ದು ನೇರವಾಗಿ ಬಂದವು, ಉಳಿದ 37ನ್ನು ಸಮಿತಿ ಆರಿಸಿತು. ನಾಲ್ಕು ವಲಯ, ಪ್ರತಿ ವಲಯದಲ್ಲಿ 1ರಿಂದ 16ರವರೆಗೆ ಶ್ರೇಯಾಂಕ. ಸೋತವರು ಮನೆಗೆ, ಎರಡನೆಯ ಅವಕಾಶವಿಲ್ಲ.

ಪೂರ್ತಿ ಸರಿಯಾದ ಬ್ರ್ಯಾಕೆಟ್ ತುಂಬುವ ಆಸೆಯನ್ನು ಮೊದಲೇ ಬಿಡಿ. 64 ತಂಡ ಉಳಿದ ಮೇಲಿನ 63 ಪಂದ್ಯಗಳ ಫಲಿತಾಂಶ ಎಷ್ಟು ಬಗೆಯಲ್ಲಿ ಬರಬಹುದೆಂದರೆ ಆ ಸಂಖ್ಯೆಗೆ 19 ಅಂಕಿ. 2019ರಲ್ಲಿ ಒಬ್ಬರು ಮೊದಲ 49 ಪಂದ್ಯಗಳನ್ನು ಸರಿಯಾಗಿ ಊಹಿಸಿ ಸುದ್ದಿಯಾಗಿದ್ದರು, ಐವತ್ತನೆಯದು ಕೈಕೊಟ್ಟಿತು. ಪಕ್ಕದ ಮೇಜಿನವರಿಗಿಂತ ಚೆನ್ನಾಗಿ ತುಂಬಿದರೆ ನಿಮ್ಮ ಕೆಲಸವಾಯಿತು.

ಹಾಳೆಯನ್ನು ಎಡದಿಂದ ಬಲಕ್ಕಲ್ಲ, ನಡುವಿನಿಂದ ಹೊರಕ್ಕೆ ತುಂಬಿ. ಮೊದಲು ಪಟ್ಟ ಗೆಲ್ಲುವವರನ್ನು ಬರೆಯಿರಿ, ಹೆಚ್ಚು ಅಂಕ ಇರುವುದು ಅಲ್ಲೇ. ಗೆಲ್ಲುವವರು ಬಹುತೇಕ 1, 2, 3ನೆಯ ಶ್ರೇಯಾಂಕದವರು. 64 ತಂಡಗಳಾದ ಮೇಲೆ ಇದಕ್ಕೆ ಹೊರತಾದವರು ಬೆರಳೆಣಿಕೆ: 1985ರ ವಿಲನೋವಾ 8ನೆಯದು, 2014ರ ಕನೆಕ್ಟಿಕಟ್ 7ನೆಯದು. 2025ರವರೆಗೆ 5ನೆಯ ಶ್ರೇಯಾಂಕದ ತಂಡ ಒಮ್ಮೆಯೂ ಪಟ್ಟ ಗೆದ್ದಿಲ್ಲ. ನಂತರ ಕೊನೆಯ ನಾಲ್ವರು. ಅಲ್ಲಿಗೆ 11ಕ್ಕಿಂತ ಕೆಳಗಿನವರು ಆವರೆಗೆ ಬಂದಿಲ್ಲ. ನಾಲ್ವರೂ 1ನೆಯ ಶ್ರೇಯಾಂಕದವರೇ ಆಗಿದ್ದು 2008 ಮತ್ತು 2025ರಲ್ಲಿ ಮಾತ್ರ. ಆದ್ದರಿಂದ ಎರಡು ಮೂರು ಒಂದನೆಯವರು, ಉಳಿದ ಜಾಗಕ್ಕೆ ನಿಮ್ಮ ಹುಚ್ಚು.

ಮೊದಲ ಸುತ್ತು ಕೊನೆಗೆ. 8 ಮತ್ತು 9ನೆಯವರ ಪಂದ್ಯ ನಾಣ್ಯ ಚಿಮ್ಮಿದಂತೆ, ಅದರ ಮೇಲೆ ಹೊತ್ತು ಕಳೆಯಬೇಡಿ. ಬುದ್ಧಿ ಖರ್ಚು ಮಾಡಬೇಕಾದ್ದು 5 ಮತ್ತು 12ನೆಯವರ ನಾಲ್ಕು ಪಂದ್ಯಗಳಲ್ಲಿ. 12ನೆಯವರು ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚೇ ಗೆದ್ದಿದ್ದಾರೆ. 5ನೆಯವರು ದೊಡ್ಡ ಕಾನ್ಫರೆನ್ಸಿನಲ್ಲಿ ಏದುಸಿರು ಬಿಟ್ಟು ಬಂದ ತಂಡ, 12ನೆಯವರು ಸಣ್ಣ ಕಾನ್ಫರೆನ್ಸಿನಲ್ಲಿ ಎಲ್ಲರನ್ನೂ ಹೊಡೆದು ಬಂದ, ಒಟ್ಟಿಗೆ ಮೂರು ವರ್ಷ ಆಡಿದ ಹಿರಿಯ ಹುಡುಗರ ತಂಡ ಎಂದಾದರೆ 12ನೆಯವರನ್ನೇ ಬರೆಯಿರಿ. ನಾಲ್ಕರಲ್ಲಿ ಒಂದೋ ಎರಡೋ ಹಾಗೆ ಬರೆದರೆ ಸಾಕು, ನಾಲ್ಕನ್ನೂ ಬರೆಯಬೇಡಿ.

16ನೆಯವರು 1ನೆಯವರನ್ನು ಸೋಲಿಸುತ್ತಾರೆಂದು ಬರೆಯಬೇಡಿ ಎಂದೂ ಹೇಳುತ್ತೇನೆ, ಆದರೆ ಈ ಮಾತು ಹೇಳಲು ನನಗೆ ಯೋಗ್ಯತೆ ಕಡಿಮೆ. 2018ರಲ್ಲಿ ನನ್ನ ಹಾಳೆಯಲ್ಲಿ ಪಟ್ಟ ಗೆದ್ದದ್ದು ವರ್ಜೀನಿಯಾ. ಮಾರ್ಚ್ 16ರ ರಾತ್ರಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ ಎಂಬ, ಚದುರಂಗದ ತಂಡಕ್ಕೆ ಹೆಸರಾದ ಕಾಲೇಜು, ಅದನ್ನು 74-54ರಿಂದ ಕೆಡವಿತು. ಪುರುಷರ ಟೂರ್ನಿಯಲ್ಲಿ 16ನೆಯವರ ಮೊದಲ ಗೆಲುವು. 2023ರಲ್ಲಿ ಫೇರ್ಲಿ ಡಿಕಿನ್ಸನ್ ಪರ್ಡ್ಯೂವನ್ನು ಸೋಲಿಸಿದ್ದು ಎರಡನೆಯದು. ಇದಕ್ಕೆಲ್ಲ ಇಪ್ಪತ್ತು ವರ್ಷ ಮುಂಚೆ, 1998ರಲ್ಲೇ, ಹಾರ್ವರ್ಡ್‌ನ ಮಹಿಳೆಯರು 16ನೆಯವರಾಗಿ ಬಂದು ಸ್ಟ್ಯಾನ್‌ಫರ್ಡ್ ಅಂಗಳದಲ್ಲೇ ಅದರ 1ನೆಯ ತಂಡವನ್ನು ಸೋಲಿಸಿದ್ದರು. 2018ರಲ್ಲಿ ಇತಿಹಾಸದಲ್ಲೇ ಮೊದಲು ಎಂದು ಕೂಗಾಡಿದವರಿಗೆ ಅದು ನೆನಪಾಗಲಿಲ್ಲ. ಮುಂದಿನ ವರ್ಷ ಅದೇ ವರ್ಜೀನಿಯಾ ಪಟ್ಟ ಗೆದ್ದಿತು. ಕೋಪದಲ್ಲಿ ಆ ವರ್ಷ ನಾನು ಅದನ್ನು ಎರಡನೆಯ ಸುತ್ತಿನಲ್ಲೇ ಮನೆಗೆ ಕಳಿಸಿದ್ದೆ.

ಮಹಿಳೆಯರ ಬ್ರ್ಯಾಕೆಟ್ಟನ್ನೂ ತುಂಬಿ. 2024ರಲ್ಲಿ ಕೇಟ್ಲಿನ್ ಕ್ಲಾರ್ಕ್ ಆಡಿದ ಅಯೋವಾ ಮತ್ತು ಡಾನ್ ಸ್ಟೇಲಿ ಕೋಚ್ ಆಗಿರುವ ಸೌತ್ ಕೆರೊಲಿನಾ ನಡುವಿನ ಫೈನಲನ್ನು ಸುಮಾರು 1.89 ಕೋಟಿ ಜನ ಟಿವಿಯಲ್ಲಿ ನೋಡಿದರು. ಪುರುಷರ ಫೈನಲ್ ನೋಡಿದವರು 1.48 ಕೋಟಿ. ಮಹಿಳೆಯರ ಫೈನಲ್ ಪುರುಷರದನ್ನು ಮೀರಿಸಿದ್ದು ಅದೇ ಮೊದಲು. ಇಲ್ಲಿ ಮೇಲಿನ ಶ್ರೇಯಾಂಕದವರು ಹೆಚ್ಚು ಗೆಲ್ಲುತ್ತಾರೆ, ಹುಚ್ಚಾಟ ಕಡಿಮೆ ಮಾಡಿ.

ಪಣವಾಗಿ ಹಣ ಬೇಡ. ನಾವು ಕ್ಯಾರಿಯಲ್ಲಿದ್ದಾಗ ಸೋತವರು ಯುಗಾದಿ ಒಬ್ಬಟ್ಟಿನ ಹೂರಣ ರುಬ್ಬಬೇಕೆಂದು ಕಟ್ಟುಪಾಡು ಮಾಡಿಕೊಂಡಿದ್ದೆವು. 2018ರಲ್ಲಿ ಯಾರು ರುಬ್ಬಿದರೆಂದು ಹೇಳಬೇಕಿಲ್ಲ.

ನಿಮ್ಮ ತಂಡ ಸೋತ ಮೇಲೆ

68ರಲ್ಲಿ 67 ತಂಡಗಳ ಋತು ಸೋಲಿನಲ್ಲೇ ಮುಗಿಯುತ್ತದೆ, ನಿಮ್ಮದೂ ಬಹುಮಟ್ಟಿಗೆ ಹಾಗೆಯೇ. 2024ರಲ್ಲಿ ಸ್ಟೇಟ್ 11ನೆಯ ಶ್ರೇಯಾಂಕದಿಂದ ಹೊರಟು, ಡ್ಯೂಕ್‌ನನ್ನೂ ಮುಗಿಸಿ ಕೊನೆಯ ನಾಲ್ವರಲ್ಲಿ ಬಂತು, ಪರ್ಡ್ಯೂ ಎದುರು 63-50ರಿಂದ ಸೋತಿತು. ಮರುವರ್ಷ ಟೂರ್ನಿಗೇ ಬರಲಿಲ್ಲ, ಕೋಚ್ ಕೆಲಸ ಕಳೆದುಕೊಂಡರು. ಹಳೆಯ ಮನೆ ಮಾಲೀಕರಿಗೆ ಫೋನ್ ಮಾಡಿ ಸಂತಾಪ ಹೇಳಿದೆ. ಅವರು 1983ರ ಕತೆ ತೆಗೆದರು. ಆ ವರ್ಷದ ಫೈನಲ್‌ನಲ್ಲಿ ಎಲ್ಲರೂ ಗೆಲ್ಲುತ್ತಾರೆಂದುಕೊಂಡಿದ್ದ ಹ್ಯೂಸ್ಟನ್ ಎದುರು, ದೂರದಿಂದ ಎಸೆದ ಚೆಂಡು ಬುಟ್ಟಿ ಮುಟ್ಟದೆ ಬೀಳುತ್ತಿದ್ದಾಗ ಲೊರೆಂಝೊ ಚಾರ್ಲ್ಸ್ ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿದ್ದು, 54-52, ಕೋಚ್ ಜಿಮ್ ವಲ್ವಾನೊ ಅಪ್ಪಿಕೊಳ್ಳಲು ಯಾರೂ ಸಿಗದೆ ಅಂಗಳದ ತುಂಬ ಓಡಾಡಿದ್ದು. ನಾಲ್ಕು ದಶಕದ ಹಿಂದಿನದನ್ನು ಮೊನ್ನೆಯದೆಂಬಂತೆ ಹೇಳಿದರು. ನಡುವೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ನಿಂತದ್ದು ಫೋನಿನಲ್ಲಿ ಕೇಳಿಸಿತು.

ತಂಡ ಸೋತ ದಿನ ಉಳಿದ ಪಂದ್ಯಗಳನ್ನು ನೋಡಬೇಡಿ, ಕಾದಂಬರಿ ಓದಿ. ಎರಡು ದಿನ ಬಿಟ್ಟು ಬನ್ನಿ. ನಿಮ್ಮನ್ನು ಸೋಲಿಸಿದವರೇ ಮುಂದೆ ಗೆಲ್ಲಲಿ ಎನ್ನುವವರು ಒಂದು ಪಂಗಡ, ನಾಳೆಯೇ ಸೋಲಲಿ ಎನ್ನುವವರು ಇನ್ನೊಂದು. ನಾನು ಎರಡನೆಯ ಪಂಗಡ.

ಫೈನಲ್

ಪುರುಷರ ಫೈನಲ್ ಏಪ್ರಿಲ್ ಆರಂಭದ ಸೋಮವಾರ ರಾತ್ರಿ. 2025ರಲ್ಲಿ ಫ್ಲಾರಿಡಾ ಹ್ಯೂಸ್ಟನ್‌ನನ್ನು 65-63ರಿಂದ ಸೋಲಿಸಿದ ಪಂದ್ಯ ನಮಗೆ ಮಂಗಳವಾರ ಬೆಳಿಗ್ಗೆ 6.20ಕ್ಕೆ ಶುರುವಾಗಿತ್ತು. ಹಾಲು ಹಿಂದಿನ ರಾತ್ರಿಯೇ ತಂದಿಡಿ, ಡಿಕಾಕ್ಷನ್ ಆರಕ್ಕೇ ಇಳಿದಿರಲಿ. ವಚನದ ಪುಸ್ತಕ ಸಾಕು, ಕಾದಂಬರಿ ಕಪಾಟಿನಲ್ಲೇ ಇರಲಿ. ಹೆಚ್ಚುವರಿ ಅವಧಿಗೆ ಹೋದರೆ ಒಂಬತ್ತು ದಾಟುತ್ತದೆ, ಹಾಗಾಗಿ ಕಚೇರಿಗೆ ತಡವಾಗಿ ಬರುತ್ತೇನೆಂದು ಸೋಮವಾರ ಸಂಜೆಯೇ ಹೇಳಿಬನ್ನಿ. ಕಾರಣ ಕೇಳಿದರೆ ಹಲ್ಲಿನ ವೈದ್ಯರು ಎನ್ನಿ. ಪ್ರತಿ ಏಪ್ರಿಲಿನಲ್ಲೂ ಒಂದು ಮಂಗಳವಾರ ನನಗೆ ಹಲ್ಲು ನೋಯುತ್ತದೆ.